ಯಂತ್ರೋದ್ಯಾನಕ್ಕೆ ಮೊದಲ ಪ್ರವಾಸ: ಸರದಿಯ ಸಾಲಿನ ಗಣಿತ

ಗಂಜಾಮಿನ ಜನರಿಗೆ ವಿಹಾರಸ್ಥಳಗಳು ಹೊಸವಲ್ಲ. ಕಾವೇರಿಯು ಎರಡು ಕವಲಾಗಿ ಸುತ್ತುವರಿದ ಶ್ರೀರಂಗಪಟ್ಟಣದ ದ್ವೀಪದಲ್ಲಿಯೇ ಈ ಊರು ಇದೆ. ಟಿಪ್ಪು ಸುಲ್ತಾನನು ೧೭೮೪ರಲ್ಲಿ ಕಟ್ಟಿಸಿದ ದರಿಯಾ ದೌಲತ್ತಿನ ತೋಟ, ಗುಂಬಜ್, ನದಿಯ ಕವಲುಗಳು ಮತ್ತೆ ಕೂಡುವ ಸಂಗಮ, ಇವೆಲ್ಲ ಇಲ್ಲಿಗೆ ಸಮೀಪ. ಕೃಷ್ಣರಾಜಸಾಗರದ ಅಣೆಕಟ್ಟಿನ ಕೆಳಗೆ ೧೯೩೨ರಲ್ಲಿ ಪೂರ್ಣಗೊಂಡ ಬೃಂದಾವನ ಉದ್ಯಾನವೂ ದೂರವಲ್ಲ. ಇಂತಹ ಸ್ಥಳಗಳಿಗೆ ಹೋಗಲು ಯಾರೂ ಲೆಕ್ಕ ಹಾಕುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊರಟು, ನೆರಳಿನಲ್ಲಿ ಕುಳಿತು ಉಂಡು, ಹೊತ್ತು ಮುಳುಗುವ ವೇಳೆಗೆ ಮನೆಗೆ ಹಿಂದಿರುಗಿದರೆ ಆಯಿತು.

ಆದರೆ ಈಗಿನ ಮಕ್ಕಳು ಕೇಳುವ ವಿಹಾರಸ್ಥಳವು ಬೇರೆ ಬಗೆಯದು. ಬಿಡದಿಯ ಸಮೀಪದಲ್ಲಿ ೨೦೦೫ರಲ್ಲಿ ಪ್ರಾರಂಭವಾದ ವಂಡರ್‌ಲಾ ಅಂತಹ ಒಂದು ಸ್ಥಳ. ಸುಮಾರು ೮೦ ಎಕರೆಗಳ ಈ ವಿಶಾಲವಾದ ಆವರಣದಲ್ಲಿ ಎತ್ತುವ, ಇಳಿಸುವ, ತೂಗುವ, ತಿರುಗಿಸುವ ಯಂತ್ರಗಳೂ ನೀರಿನ ಆಟಗಳೂ ಇವೆ; ರಾತ್ರಿ ತಂಗಬಯಸುವವರಿಗೆ ಪಕ್ಕದಲ್ಲಿಯೇ ರೆಸಾರ್ಟ್ ಇದೆ. ಐದಾರು ಜನರ ಕುಟುಂಬವೊಂದು ಅಲ್ಲಿಗೆ ಹೋಗಿಬರುವುದೆಂದರೆ, ಪ್ರವೇಶದ ದರ, ಪ್ರಯಾಣ, ಊಟ ಎಲ್ಲವೂ ಸೇರಿ, ಬಹುಕಾಲ ಕೂಡಿಟ್ಟ ಹಣವು ಒಂದೇ ದಿನದಲ್ಲಿ ವೆಚ್ಚವಾಗುತ್ತದೆ. ಆ ದಿನದ ಹೆಚ್ಚಿನ ಭಾಗವು ಸರದಿಯ ಸಾಲಿನಲ್ಲಿ ನಿಲ್ಲುವುದರಲ್ಲಿಯೇ ಕಳೆದರೆ ನಷ್ಟವಾಗುವುದು ಹಣ ಮಾತ್ರವಲ್ಲ. ಆದ್ದರಿಂದ ಈ ಪ್ರವಾಸವನ್ನು ಶಾಸ್ತ್ರೀಯವಾಗಿ ಯೋಜಿಸುವುದು ಹೇಗೆಂಬುದನ್ನು ಇಲ್ಲಿ ವಿಚಾರಮಾಡೋಣ.

ತೋಟಕ್ಕೂ ಯಂತ್ರೋದ್ಯಾನಕ್ಕೂ ಇರುವ ಭೇದ

ಬೃಂದಾವನದ ಕಾರಂಜಿಯನ್ನು ನೂರು ಜನ ನೋಡುತ್ತಿರುವಾಗ ಇನ್ನೂ ನೂರು ಜನ ಬಂದು ನಿಂತರೆ ಮೊದಲಿನವರ ನೋಟಕ್ಕೆ ಹೆಚ್ಚೇನೂ ಕೊರತೆಯಾಗದು. ಆದರೆ ಜಾತ್ರೆಯ ತೊಟ್ಟಿಲಿನಲ್ಲಿ ಹಾಗಲ್ಲ. ಅದರಲ್ಲಿ ಇರುವಷ್ಟು ಸ್ಥಾನಗಳಲ್ಲಿ ಮಾತ್ರ ಕೂರಬಹುದು. ಉಳಿದವರು ಕೆಳಗೆ ನಿಂತು ಕಾಯಬೇಕು. ೧೮೯೩ರಲ್ಲಿ ಷಿಕಾಗೋ ನಗರದ ವಸ್ತುಪ್ರದರ್ಶನಕ್ಕಾಗಿ ಫೆರಿಸ್ ಎಂಬ ಎಂಜಿನಿಯರನು ೨೬೪ ಅಡಿ ಎತ್ತರದ ಮಹಾಚಕ್ರವನ್ನು ನಿರ್ಮಿಸಿದನು. ಅದರಲ್ಲಿ ೩೬ ಕೋಣೆಗಳು, ಒಂದೊಂದರಲ್ಲಿ ೬೦ ಜನ. ಹೀಗೆ ಒಂದೇ ಬಾರಿಗೆ ೨,೧೬೦ ಜನರನ್ನು ಹೊರಬಲ್ಲ ಯಂತ್ರಕ್ಕೂ ಒಂದು ಮಿತಿ ಇದ್ದೇ ಇತ್ತು. ಯಂತ್ರೋದ್ಯಾನವೆಂದರೆ ಇಂತಹ ಮಿತಿಗಳ ಒಂದು ಸಮೂಹ. ಅಲ್ಲಿ ನಾವು ದುಡ್ಡು ಕೊಟ್ಟು ಪಡೆಯುವುದು ಸ್ಥಳವನ್ನಲ್ಲ, ಸರದಿಯನ್ನು.

ಸಾಲಿನ ಸೂತ್ರ

ಸರದಿಯ ಸಾಲುಗಳನ್ನು ಗಣಿತದಿಂದ ಅಭ್ಯಾಸ ಮಾಡಿದವರಲ್ಲಿ ಮೊದಲಿಗನು ಡೆನ್ಮಾರ್ಕಿನ ಎರ್ಲಾಂಗ್. ಕೋಪನ್‌ಹೇಗನ್ ನಗರದ ಟೆಲಿಫೋನ್ ಕಂಪನಿಯಲ್ಲಿದ್ದ ಈತನು, ಒಂದೇ ಸಮಯದಲ್ಲಿ ಹಲವರು ಕರೆಮಾಡಿದರೆ ಎಷ್ಟು ತಂತಿಗಳು ಬೇಕಾದಾವು ಎಂಬ ಪ್ರಶ್ನೆಯನ್ನು ಕುರಿತ ತನ್ನ ಮೊದಲ ಲೇಖನವನ್ನು ೧೯೦೯ರಲ್ಲಿ ಪ್ರಕಟಿಸಿದನು. ೧೮೪೩ರಲ್ಲಿ ತೆರೆದು ಇಂದಿಗೂ ನಡೆಯುತ್ತಿರುವ ಟಿವೋಲಿ ಎಂಬ ವಿಹಾರೋದ್ಯಾನವೂ ಅದೇ ನಗರದಲ್ಲಿರುವುದು ಕಾಕತಾಳೀಯ. ಮುಂದೆ ೧೯೬೧ರಲ್ಲಿ ಅಮೆರಿಕದ ಜಾನ್ ಲಿಟಲ್ ಎಂಬಾತನು ಸಾಲುಗಳ ಒಂದು ಸರಳ ನಿಯಮವನ್ನು ಸಾಧಿಸಿ ತೋರಿಸಿದನು. ಆ ನಿಯಮವನ್ನು ನಮ್ಮ ಪ್ರಯೋಜನಕ್ಕೆ ತಕ್ಕಂತೆ ಹೀಗೆ ಹೇಳಬಹುದು:

ಕಾಯಬೇಕಾದ ನಿಮಿಷಗಳು = ನಮ್ಮ ಮುಂದಿರುವ ಜನರ ಸಂಖ್ಯೆ ÷ ಒಂದು ನಿಮಿಷದಲ್ಲಿ ಸಾಗುವ ಜನರ ಸಂಖ್ಯೆ.

ಒಂದು ಯಂತ್ರದಲ್ಲಿ ೨೪ ಸ್ಥಾನಗಳಿವೆ. ಹತ್ತಿಸಿ, ಪಟ್ಟಿ ಬಿಗಿದು, ಆಡಿಸಿ, ಇಳಿಸಲು ೪ ನಿಮಿಷ ಹಿಡಿಯುತ್ತದೆ ಎಂದು ಭಾವಿಸೋಣ. ಆಗ ನಿಮಿಷಕ್ಕೆ ೬ ಜನ ಸಾಗುತ್ತಾರೆ. ಮುಂದೆ ೧೮೦ ಜನರಿದ್ದರೆ ಅರ್ಧ ಗಂಟೆ ಕಾಯಬೇಕು. ಕಂಬಿಗಳ ನಡುವೆ ಸುತ್ತಿ ಸುತ್ತಿ ಬರುವ ಸಾಲನ್ನು ಪೂರ್ತಿ ಎಣಿಸಬೇಕಾಗಿಲ್ಲ. ಒಂದು ಸುತ್ತಿನಲ್ಲಿರುವವರನ್ನು ಎಣಿಸಿ ಸುತ್ತುಗಳ ಸಂಖ್ಯೆಯಿಂದ ಗುಣಿಸಿದರೆ ಸಾಕು. ಗಂಜಾಮಿನವರು ಇದನ್ನು ಅಭ್ಯಾಸ ಮಾಡಲು ಬಿಡದಿಯವರೆಗೆ ಹೋಗಬೇಕಾದುದಿಲ್ಲ. ಹುಣ್ಣಿಮೆಯ ದಿನ ನಿಮಿಷಾಂಬಾ ದೇವಾಲಯದ ಸಾಲಿನಲ್ಲಿ ನಿಂತಾಗ ಐದು ನಿಮಿಷದಲ್ಲಿ ಎಷ್ಟು ಜನ ಒಳಗೆ ಹೋದರೆಂದು ಮಕ್ಕಳಿಂದ ಎಣಿಸಿ, ದರ್ಶನದ ವೇಳೆಯನ್ನು ಮೊದಲೇ ಹೇಳಲು ಪ್ರಯತ್ನಿಸಬಹುದು.

ಸಾಲು ಬೆಳೆಯುವ ಬಗೆಯೂ ತಿಳಿಯತಕ್ಕದ್ದು. ಮೇಲಿನ ಯಂತ್ರಕ್ಕೆ ನಿಮಿಷಕ್ಕೆ ೮ ಜನ ಬರುತ್ತಿದ್ದರೆ, ೬ ಜನ ಸಾಗಿ ೨ ಜನ ಉಳಿಯುತ್ತಾರೆ. ಬಾಗಿಲು ತೆರೆದು ಹತ್ತು ನಿಮಿಷಕ್ಕೆ ಮುಂದೆ ಇರುವವರು ೨೦ ಜನ, ಅಂದರೆ ನಾಲ್ಕು ನಿಮಿಷಕ್ಕಿಂತ ಕಡಿಮೆ ಕಾಯುವಿಕೆ. ಒಂದು ಗಂಟೆಯ ಅನಂತರ ೧೨೦ ಜನ, ೨೦ ನಿಮಿಷ. ಎರಡು ಗಂಟೆಯ ಅನಂತರ ೪೦ ನಿಮಿಷ. ಯಂತ್ರವೂ ಅದೇ, ಆಟವೂ ಅದೇ. ಬೆಲೆ ಮಾತ್ರ ಏರುತ್ತ ಹೋಗುತ್ತದೆ. ಆದ್ದರಿಂದ ಮನೆಯವರು ಬಹಳವಾಗಿ ಬಯಸುವ ಆಟವನ್ನು ಮೊದಲ ಗಂಟೆಯಲ್ಲಿಯೇ ಮುಗಿಸತಕ್ಕದ್ದು.

ಹೆಚ್ಚು ಹಣ ಕೊಟ್ಟವರಿಗೆ ಬೇರೆ ಸಾಲನ್ನು ಇಡುವ ಪದ್ಧತಿಯೂ ಉಂಟು. ಇದರಿಂದ ಯಂತ್ರದ ಸ್ಥಾನಗಳೇನೂ ಹೆಚ್ಚಾಗುವುದಿಲ್ಲ. ಒಬ್ಬನು ಉಳಿಸಿದ ನಿಮಿಷವನ್ನು ಸಾಮಾನ್ಯ ಸಾಲಿನಲ್ಲಿರುವ ಇನ್ನೊಬ್ಬನು ಕಾಯುತ್ತಾನೆ. ಜನ ವಿರಳವಾಗಿರುವ ದಿನ ಈ ಟಿಕೆಟ್ಟಿನಿಂದ ಹೆಚ್ಚು ಪ್ರಯೋಜನವಿಲ್ಲವೆಂಬುದು ಸೂತ್ರದಿಂದಲೇ ಸ್ಪಷ್ಟ.

ಒಂದು ದಿನದ ಆಯವ್ಯಯ

ಈಗ ಕಾಲದ ಲೆಕ್ಕವನ್ನು ಹಣದ ಲೆಕ್ಕದಂತೆಯೇ ಬರೆಯೋಣ. ಉದ್ಯಾನವು ಏಳು ಗಂಟೆ ತೆರೆದಿರುತ್ತದೆಂದರೆ ನಮ್ಮ ಮೂಲಧನ ೪೨೦ ನಿಮಿಷ. ನೀರಿನ ಆಟಕ್ಕೆ ಬಟ್ಟೆ ಬದಲಿಸಿ, ಮತ್ತೆ ಒಣಬಟ್ಟೆ ತೊಡಲು ೬೦ ನಿಮಿಷ. ಊಟಕ್ಕೆ ೪೫. ನಡೆದಾಟ, ಶೌಚ, ಕುಡಿಯುವ ನೀರು ಇವಕ್ಕೆ ೬೦. ಹಿರಿಯರಿಗೂ ಚಿಕ್ಕವರಿಗೂ ವಿಶ್ರಾಂತಿ ೩೦. ಉಳಿದದ್ದು ೨೨೫ ನಿಮಿಷ.

ಬೇಸಗೆಯ ರಜೆಯ ಒಂದು ಭಾನುವಾರ ಪ್ರತಿ ಆಟಕ್ಕೂ ೩೦ ನಿಮಿಷ ಕಾದು, ೫ ನಿಮಿಷ ಆಡಿದರೆ ಆರು ಆಟಗಳಾಗುತ್ತವೆ. ಜನ ಕಡಿಮೆ ಇರುವ ವಾರದ ದಿನದಲ್ಲಿ ಕಾಯುವಿಕೆ ೧೦ ನಿಮಿಷವಾದರೆ ಅದೇ ೨೨೫ ನಿಮಿಷಗಳಲ್ಲಿ ೧೫ ಆಟಗಳಾಗುತ್ತವೆ. ದಿನವನ್ನು ಆರಿಸುವುದು ಬೇರೆ ಎಲ್ಲ ಜಾಣತನಗಳಿಗಿಂತ ದೊಡ್ಡದು. ಜನಸಂಖ್ಯೆ ಸ್ವಲ್ಪ ಹೆಚ್ಚಿದರೆ ಕಾಯುವಿಕೆಯೂ ಸ್ವಲ್ಪವೇ ಹೆಚ್ಚೀತೆಂದು ತಿಳಿಯುವುದು ತಪ್ಪು. ಎರ್ಲಾಂಗನ ಗಣಿತದ ಅತಿ ಸರಳವಾದ ಮಾದರಿಯಲ್ಲಿ, ಯಂತ್ರದ ಸಾಮರ್ಥ್ಯದ ಅರ್ಧದಷ್ಟು ಜನ ಬರುತ್ತಿರುವಾಗ ಕಾಯುವಿಕೆ ಒಂದು ಪಾಲಾದರೆ, ಸಾಮರ್ಥ್ಯದ ಶೇಕಡ ೮೦ರಷ್ಟು ಬಂದಾಗ ನಾಲ್ಕು ಪಾಲು, ಶೇಕಡ ೯೦ರಷ್ಟು ಬಂದಾಗ ಒಂಬತ್ತು ಪಾಲು ಆಗುತ್ತದೆ.

ಪ್ರಯಾಣದ ಕಾಲವನ್ನೂ ಕೂಡಿಸಬೇಕು. ಗಂಜಾಮಿನಿಂದ ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರಗಳ ದಾರಿಯಾಗಿ ಬಿಡದಿಗೆ ೯೦ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ೨೦೨೩ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯಿಂದ ಈ ದಾರಿ ಬೇಗ ಸಾಗುತ್ತದೆ. ಆದರೆ ಅದೇ ವರ್ಷದ ಆಗಸ್ಟಿನಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೂ ಆಟೋಗಳಿಗೂ ಪ್ರವೇಶವಿಲ್ಲ. ರೈಲಿನಲ್ಲಿ ಹೋಗುವವರು ಬಿಡದಿಯಲ್ಲಿ ನಿಲ್ಲುವ ಗಾಡಿ ಯಾವುದೆಂಬುದನ್ನು ಮಾತ್ರವಲ್ಲ, ಸಂಜೆ ಹಿಂದಿರುಗುವ ಗಾಡಿ ಯಾವುದೆಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಎತ್ತರದ ಗೆರೆ

ಸಾಲನ್ನು ಗೆದ್ದರೂ ಬಾಗಿಲಿನಲ್ಲಿ ಒಂದು ಅಳತೆಗೋಲು ಇರುತ್ತದೆ. ಗೊತ್ತಾದ ಎತ್ತರಕ್ಕಿಂತ ಗಿಡ್ಡವಾಗಿರುವ ಮಗುವನ್ನು ಒಳಗೆ ಬಿಡುವುದಿಲ್ಲ. ಇದು ನಿರ್ದಯವೆಂದು ತೋರಬಹುದು, ಆದರೆ ಇದಕ್ಕೆ ಆಧಾರ ಜಡತ್ವದ ನಿಯಮ. ೨೦ ಮೀಟರ್ ಎತ್ತರದಿಂದ ಜಾರುವ ಗಾಡಿಯು, ಘರ್ಷಣೆಯನ್ನು ಬಿಟ್ಟರೆ, ಬುಡದಲ್ಲಿ ಗಂಟೆಗೆ ೭೦ ಕಿಲೋಮೀಟರಿನಷ್ಟು ವೇಗವನ್ನು ಪಡೆಯುತ್ತದೆ. ಅಲ್ಲಿಂದ ಮತ್ತೊಂದು ದಿಬ್ಬವನ್ನೇರಿ ಗಾಡಿಯು ಕೆಳಮುಖವಾಗಿ ತಿರುಗಿದರೂ ಒಳಗಿನ ದೇಹವು ಮೊದಲಿನ ದಿಕ್ಕಿನಲ್ಲಿಯೇ ಸಾಗಲು ಯತ್ನಿಸುತ್ತದೆ. ಆ ಕ್ಷಣದಲ್ಲಿ ಅದನ್ನು ಹಿಡಿದಿಡುವುದು ತೊಡೆಯ ಅಥವಾ ಭುಜದ ಮೇಲಿನ ಪಟ್ಟಿ ಮಾತ್ರ. ಆ ಪಟ್ಟಿಯನ್ನು ಒಂದು ಅಳತೆಯ ದೇಹಕ್ಕಾಗಿ ರಚಿಸಿರುವುದರಿಂದ ಚಿಕ್ಕ ದೇಹವು ಅದರ ಕೆಳಗೆ ನುಸುಳಬಹುದು. ತುದಿಗಾಲಿನಲ್ಲಿ ನಿಲ್ಲಿಸಿ ಮಗುವನ್ನು ಒಳಗೆ ಕಳುಹಿಸುವ ತಂದೆಯು ಕಾವಲುಗಾರನನ್ನು ವಂಚಿಸಬಹುದೇ ಹೊರತು ಜಡತ್ವವನ್ನು ವಂಚಿಸಲಾರ.

ಹೊರಡುವ ಹಿಂದಿನ ವಾರವೇ ಮನೆಯ ಗೋಡೆಗೆ ಮಗುವನ್ನು ಬರಿಗಾಲಿನಲ್ಲಿ ನಿಲ್ಲಿಸಿ ಅಳೆಯುವುದು ಒಳ್ಳೆಯದು. ಮಕ್ಕಳ ಟಿಕೆಟ್ಟಿನ ದರವನ್ನೂ ಇಲ್ಲಿ ಎತ್ತರದ ಮೇಲೆಯೇ ನಿಶ್ಚಯಿಸುತ್ತಾರೆ. ಯಾವ ಆಟಕ್ಕೆ ಎಷ್ಟು ಎತ್ತರ ಬೇಕೆಂಬುದನ್ನು ಮೊದಲೇ ಕೇಳಿ ತಿಳಿದು, ಆಡಲಾಗದ ಆಟಗಳ ಹೆಸರನ್ನು ಮಗುವಿಗೆ ಮನೆಯಲ್ಲಿಯೇ ಹೇಳಿದರೆ, ಅರ್ಧ ಗಂಟೆ ಕಾದು ಬಾಗಿಲಿನಲ್ಲಿ ಅಳುವ ದುಃಖ ತಪ್ಪುತ್ತದೆ. ಹೃದ್ರೋಗ, ರಕ್ತದೊತ್ತಡ, ಬೆನ್ನುನೋವು ಇರುವವರೂ ಗರ್ಭಿಣಿಯರೂ ರಭಸದ ಯಂತ್ರಗಳನ್ನು ಏರತಕ್ಕದ್ದಲ್ಲ.

ಕಿವಿಯೂ ಹೊಟ್ಟೆಯೂ

ತಿರುಗುವ ಯಂತ್ರದಿಂದ ಇಳಿದಾಗ ತಲೆ ಸುತ್ತುವುದೇಕೆ? ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತದ ನಾಳಗಳಿವೆ. ದೇಹವು ನಿಂತರೂ ದ್ರವವು ಕೆಲಕಾಲ ಚಲಿಸುತ್ತಲೇ ಇರುತ್ತದೆ. ಆಗ ಕಿವಿಯು ತಿರುಗುತ್ತಿರುವುದಾಗಿಯೂ ಕಣ್ಣು ನಿಂತಿರುವುದಾಗಿಯೂ ಮಿದುಳಿಗೆ ವರದಿ ಕಳುಹಿಸುತ್ತವೆ. ಈ ವಿರೋಧದ ಫಲವೇ ವಾಕರಿಕೆ. ಆದ್ದರಿಂದ ತಿರುಗುವ ಆಟಗಳನ್ನು ಊಟಕ್ಕೆ ಮುಂಚೆ ಇಟ್ಟು, ಊಟವಾದ ಮೇಲೆ ಒಂದು ಗಂಟೆಯಾದರೂ ನಿಧಾನವಾದ ಆಟಗಳನ್ನೋ ನೆರಳನ್ನೋ ಆಶ್ರಯಿಸುವುದು ಲೇಸು. ಹೊರಗಿನ ಬುತ್ತಿಗೆ ಒಳಗೆ ಅವಕಾಶವಿಲ್ಲವಾದ್ದರಿಂದ ಬೆಳಗಿನ ಉಪಾಹಾರವನ್ನು ದಾರಿಯಲ್ಲಿಯೇ ಮುಗಿಸಬೇಕು. ಬರಿಹೊಟ್ಟೆಯೂ ಒಳ್ಳೆಯದಲ್ಲ.

ನೀರಿನ ಆಟ

ನೀರಿನ ಕೊಳಗಳಿಗೆ ನೈಲಾನಿನಂತಹ ಕೃತಕ ನೂಲಿನ ಉಡುಪು ಬೇಕೆಂಬ ನಿಯಮವುಂಟು. ಹತ್ತಿಯ ನೂಲು ನೀರನ್ನು ಹೀರಿ ಭಾರವಾಗುತ್ತದೆ, ಮೈಗೆ ಅಂಟಿ ಕೈಕಾಲುಗಳನ್ನು ತಡೆಯುತ್ತದೆ. ಅದರಿಂದ ಉದುರಿದ ಎಳೆಗಳು ನೀರು ಸೋಸುವ ಯಂತ್ರವನ್ನು ಸೇರುತ್ತವೆ. ನೈಲಾನು ನೀರನ್ನು ಬಹು ಸ್ವಲ್ಪ ಹೀರುತ್ತದೆ. ಉಡುಪನ್ನು ಊರಿನಲ್ಲಿಯೇ ಕೊಂಡು ಹೋದರೆ ಅಲ್ಲಿ ಹುಡುಕುವ ಕಾಲವೂ ಉಳಿಯುತ್ತದೆ.

ಮೇ ತಿಂಗಳ ಬಿಸಿಲಿನಲ್ಲಿಯೂ ಕೊಳದಿಂದ ಹೊರಬಂದ ಮಗು ನಡುಗುವುದನ್ನು ನೋಡುತ್ತೇವೆ. ಚರ್ಮದ ಮೇಲಿನ ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೮೦ ಕೆಲೊರಿ ಶಾಖ ಬೇಕು. ಮೈಮೇಲೆ ೫೦ ಗ್ರಾಂ ನೀರು ನಿಂತಿದ್ದರೆ ೨೯,೦೦೦ ಕೆಲೊರಿಗಳಾದುವು. ಅದರಲ್ಲಿ ಒಂದು ಪಾಲು ಮಗುವಿನ ಮೈಯಿಂದಲೇ ಹೋಗುತ್ತದೆ. ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ವಿಸ್ತಾರವು ದೊಡ್ಡವರದಕ್ಕಿಂತ ಹೆಚ್ಚಾದುದರಿಂದ ಅದು ಬೇಗ ತಣ್ಣಗಾಗುತ್ತದೆ. ಒಣಗಿದ ಟವೆಲ್ಲು ಕೈಗೆ ಎಟುಕುವಂತಿರಬೇಕು. ಕೃತಕ ಅಲೆಗಳ ಕೊಳದಲ್ಲಂತೂ ಚಿಕ್ಕ ಮಗುವು ಹಿರಿಯರ ಕೈಯಳತೆಯಲ್ಲಿಯೇ ಇರತಕ್ಕದ್ದು. ನೀರಿನಲ್ಲಿ ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಗದ್ದಲದ ನಡುವೆ ನಿಶ್ಶಬ್ದವಾಗಿಯೇ ಮುಳುಗುತ್ತದೆ.

ಮನೆಯಲ್ಲಿ ಬರೆಯಬೇಕಾದ ಪಟ್ಟಿ

ಇಷ್ಟನ್ನೂ ತಿಳಿದ ಮೇಲೆ ಯೋಜನೆ ಕಠಿನವಲ್ಲ. ಅಜ್ಜ, ಅಜ್ಜಿ, ತಂದೆ, ತಾಯಿ, ೧೨ ವರ್ಷದ ಮಗ, ೫ ವರ್ಷದ ಮಗಳು, ಹೀಗೆ ಆರು ಜನರ ಒಂದು ಕುಟುಂಬವನ್ನು ಭಾವಿಸೋಣ. ಜನ ಹೆಚ್ಚಿರುವ ದಿನ ಆರು ಆಟಗಳು ಖಚಿತವೆಂದು ಲೆಕ್ಕ ಹೇಳಿತಷ್ಟೆ. ಯೋಜನೆ ಇಲ್ಲದಿದ್ದರೆ ಆ ಆರನ್ನೂ ಆರಿಸುವವನು ಗಟ್ಟಿಯಾಗಿ ಕೇಳಬಲ್ಲ ೧೨ ವರ್ಷದ ಹುಡುಗ. ಅಜ್ಜಿಯ ಪಾಲಿಗೆ ಚೀಲಗಳ ಕಾವಲು, ತಂಗಿಯ ಪಾಲಿಗೆ ಬಾಗಿಲಿನ ಹೊರಗಿನ ಬೆಂಚು ಉಳಿಯುತ್ತವೆ.

ಇದಕ್ಕೆ ಪರಿಹಾರವು ಸುಲಭ. ಹೊರಡುವ ಹಿಂದಿನ ರಾತ್ರಿ ಒಂದು ಕಾಗದದಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ಒಂದೊಂದೇ ಆಟವನ್ನು ಬರೆಯಲಿ. ಅಜ್ಜಿಯು ನಿಧಾನವಾಗಿ ತಿರುಗುವ ಮಹಾಚಕ್ರವನ್ನು ಬರೆಯಬಹುದು, ಮಗಳು ಮಕ್ಕಳ ಪುಟ್ಟ ರೈಲನ್ನು. ಆ ಆರರಲ್ಲಿ ಉದ್ದವಾದ ಸಾಲು ಸೇರುವಂತಹದನ್ನು ಬೆಳಿಗ್ಗೆ, ತಿರುಗುವಂತಹದನ್ನು ಊಟಕ್ಕೆ ಮುಂಚೆ, ನೀರಿನದನ್ನು ಮಧ್ಯಾಹ್ನಕ್ಕೆ ಹಾಕಿ ಕ್ರಮಗೊಳಿಸಬೇಕು. ನೀರಿನ ವಿಭಾಗವು ತೆರೆಯುವ ವೇಳೆಯನ್ನು ಕೇಳಿಕೊಂಡಿರಬೇಕು. ಈ ಆರು ಮುಗಿದ ಮೇಲೆ ದೊರೆತದ್ದೆಲ್ಲ ಲಾಭವೆಂದೇ ಎಣಿಸತಕ್ಕದ್ದು. ಕಾಗದದ ಕೆಳಗೆ ಇನ್ನೆರಡು ಸಾಲುಗಳನ್ನು ಬರೆಯಬೇಕು: ಯಾರಾದರೂ ತಪ್ಪಿಹೋದರೆ ಸೇರಬೇಕಾದ ಸ್ಥಳ, ಮತ್ತು ಮಗುವಿನ ಜೇಬಿನಲ್ಲಿಡಲು ತಂದೆತಾಯಿಯರ ಟೆಲಿಫೋನ್ ಸಂಖ್ಯೆ.

ಯೋಜನೆಯೆಂದರೆ ಹೆಚ್ಚು ಆಟಗಳನ್ನು ತುರುಕುವುದಲ್ಲ. ಯಾವುದನ್ನು ಬಿಡಬೇಕೆಂದು ಶಾಂತವಾಗಿ ಕುಳಿತು, ಎಲ್ಲರ ಎದುರಿನಲ್ಲಿ, ಮೊದಲೇ ನಿರ್ಣಯಿಸುವುದು. ಮೂಲಧನವು ೪೨೦ ನಿಮಿಷಗಳೆಂಬುದನ್ನು ಯಾರೂ ಬದಲಿಸಲಾರರು. ಅದನ್ನು ಮನೆಯ ಎಲ್ಲರಿಗೂ ಹಂಚುವುದು ಮಾತ್ರ ನಮ್ಮ ಕೈಯಲ್ಲಿದೆ. ಎಷ್ಟು ಯಂತ್ರಗಳನ್ನು ಏರಿದೆವೆಂಬುದಕ್ಕಿಂತ, ತನ್ನ ಪಾಲಿನ ಒಂದು ಸರದಿಯೂ ದೊರೆಯದೆ ಹಿಂದಿರುಗಿದವರು ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂಬುದೇ ಪ್ರವಾಸದ ಸಾಫಲ್ಯಕ್ಕೆ ಸರಿಯಾದ ಅಳತೆ.