ಕುಲಕರ್ಣಿ: ಒಂದು ಅಡ್ಡಹೆಸರಿನ ಮೂಲವೂ ವಂಶವಾಹಿಯ ಸಾಕ್ಷ್ಯವೂ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಯಾವ ಕಾಲೇಜಿನ ಹಾಜರಿ ಪುಸ್ತಕವನ್ನು ತೆರೆದರೂ ಪಾಟೀಲ, ಕುಲಕರ್ಣಿ, ದೇಶಮುಖ, ಹಿರೇಮಠ ಎಂಬ ಅಡ್ಡಹೆಸರುಗಳು ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಕುಲಕರ್ಣಿ ಎಂಬ ಹೆಸರು ಮನೆಯಲ್ಲಿ ಕನ್ನಡ ಆಡುವವರಿಗೂ ಇದೆ, ಮರಾಠಿ ಆಡುವವರಿಗೂ ಇದೆ. ಇದನ್ನು ಕಂಡಾಗ ಎರಡು ಪ್ರಶ್ನೆಗಳು ಸಹಜವಾಗಿ ಏಳುತ್ತವೆ. ಈ ಹೆಸರು ಯಾವ ಭಾಷೆಗೆ ಸೇರಿದ್ದು? ಈ ಹೆಸರುಳ್ಳವರೆಲ್ಲ ಒಬ್ಬನೇ ಮೂಲಪುರುಷನ ಸಂತತಿಯವರೆ? ಮೊದಲನೆಯದಕ್ಕೆ ಭಾಷಾಶಾಸ್ತ್ರವು ಉತ್ತರಿಸಬೇಕು. ಎರಡನೆಯದಕ್ಕೆ ಇತಿಹಾಸವೂ ಜೀವವಿಜ್ಞಾನವೂ ಕೂಡಿ ಉತ್ತರಿಸಬೇಕು. ಈ ಎರಡನ್ನೂ ಬೆರೆಸಿ, ಹೆಸರಿನಿಂದ ರಕ್ತವನ್ನೂ ರಕ್ತದಿಂದ ನುಡಿಯನ್ನೂ ಊಹಿಸುವ ರೂಢಿ ಗಡಿನಾಡಿನಲ್ಲಿ ಬೇರೂರಿದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಈ ಮೂರನ್ನು ಬೇರೆಬೇರೆಯಾಗಿ ನೋಡಲು ಕಲಿಯುವುದು ಅಗತ್ಯ.

ಪದದ ರಚನೆ

ಕುಲಕರ್ಣಿ ಎಂಬುದನ್ನು 'ಕುಲದ ಕಿವಿ' ಎಂದು ಬಿಡಿಸಿ ಅರ್ಥ ಹೇಳುವವರಿದ್ದಾರೆ. ಇದು ಜನನಿರುಕ್ತಿ; ಕೇಳಲು ಸೊಗಸಾಗಿದ್ದರೂ ಪದದ ಇತಿಹಾಸಕ್ಕೆ ಒಪ್ಪುವುದಿಲ್ಲ. ಇಲ್ಲಿನ 'ಕರ್ಣಿ'ಗೂ ಕಿವಿಗೂ ಸಂಬಂಧವಿಲ್ಲ. 'ಕರಣ' ಎಂದರೆ ಲೆಕ್ಕಪತ್ರ, ಬರವಣಿಗೆ. ಅದನ್ನು ನಡೆಸುವವನು ಕರಣಿಕ. ಕನ್ನಡ ಶಾಸನಗಳಲ್ಲಿ ಕರಣ, ಶ್ರೀಕರಣ ಎಂಬ ರೂಪಗಳು ಪರಿಚಿತ. ಬಸವಣ್ಣನವರು ಮಂಗಳವೇಡೆಯಲ್ಲಿ ಕರಣಿಕ ವೃತ್ತಿಯಿಂದ ತಮ್ಮ ಬಾಳನ್ನು ಆರಂಭಿಸಿದರೆಂದು ಶರಣಚರಿತ್ರೆಯ ಪರಂಪರೆ ಹೇಳುತ್ತದೆ. ಆ ಮಂಗಳವೇಡೆ ಇಂದು ಸೊಲ್ಲಾಪುರ ಜಿಲ್ಲೆಯಲ್ಲಿದೆ. 'ಕರಣಿ' ಎಂಬಲ್ಲಿ ನಡುವಣ ಹ್ರಸ್ವ ಅಕಾರವು ಮಾತಿನಲ್ಲಿ ಲೋಪವಾಗಿ 'ಕರ್ಣಿ' ಆಯಿತು. ತೆಲುಗು ನಾಡಿನ 'ಕರಣಂ' ಕೂಡ ಹೀಗೆಯೇ 'ಕರ್ಣಂ' ಆಗಿದೆ. ಗೋವೆ ಮತ್ತು ಉತ್ತರ ಕನ್ನಡದ ಕಡೆ ಕೇಳಿಬರುವ 'ನಾಡಕರ್ಣಿ' ಎಂಬ ಅಡ್ಡಹೆಸರಿನಲ್ಲಿ ಇದೇ ಪದ ನಾಡು ಎಂಬುದರೊಡನೆ ಸೇರಿದೆ.

ಇನ್ನು 'ಕುಲ'. ಮರಾಠಿಯಲ್ಲಿ ಈ ಹೆಸರನ್ನು 'ಕುಳಕರ್ಣಿ' ಎಂದೂ ಬರೆಯುತ್ತಾರೆ. ಸಂಸ್ಕೃತ ಪದದ ನಡುವಣ ಲಕಾರವು ಮರಾಠಿಯಲ್ಲಿ ಳಕಾರವಾಗುವುದು ನಿಯಮಿತವಾದ ಧ್ವನಿವ್ಯತ್ಯಾಸ. ಮುಖ್ಯವಾದದ್ದು ಅರ್ಥ. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ 'ಕುಳ' ಎಂದರೆ ಕಂದಾಯ ಸಲ್ಲಿಸುವ ಒಕ್ಕಲು. ಆದ್ದರಿಂದ ಕುಲಕರ್ಣಿಯೆಂದರೆ ಊರಿನ ಕುಳಗಳ ಲೆಕ್ಕ ಬರೆಯುವವನು. ವಂಶ ಎಂಬ ಅರ್ಥದ ಪದವೊಂದು ಹೆಸರಿನ ಮೊದಲಲ್ಲೇ ಕುಳಿತಿದ್ದರೂ ಇದು ವಂಶನಾಮವಾಗಿ ಹುಟ್ಟಿದ್ದಲ್ಲ, ಹುದ್ದೆಯ ಹೆಸರಾಗಿ ಹುಟ್ಟಿದ್ದು. ಹಳೆಯ ಮೈಸೂರು ಸೀಮೆಯಲ್ಲಿ ಇದೇ ಕೆಲಸ ಮಾಡುತ್ತಿದ್ದವನಿಗೆ ಶಾನುಭೋಗ ಎಂಬ ಹೆಸರಿತ್ತು. ಅದು ಶಾಸನಗಳ 'ಸೇನಬೋವ'ದಿಂದ ಬಂದದ್ದು.

ಹುದ್ದೆಯಿಂದ ಹೆಸರಿಗೆ

ದಖ್ಖನಿನ ಗ್ರಾಮಾಡಳಿತದಲ್ಲಿ ಪಾಟೀಲನು ಊರಿನ ಮುಖ್ಯಸ್ಥ, ಕುಲಕರ್ಣಿಯು ಲೆಕ್ಕಿಗ. ಪರಗಣೆಯ ಮಟ್ಟದಲ್ಲಿ ಇವರಿಗೆ ಸಮನಾಗಿ ದೇಶಮುಖ, ದೇಶಪಾಂಡೆ ಇದ್ದರು. ಈ ಹುದ್ದೆಗಳು ವತನಗಳಾಗಿದ್ದವು. ಎಂದರೆ ತಂದೆಯಿಂದ ಮಗನಿಗೆ ಇಳಿದು ಬರುವ, ಭೂಮಿ ಮತ್ತು ಹಕ್ಕುಗಳೊಡನೆ ಕೂಡಿದ ಅಧಿಕಾರಗಳು. ಊರೂರಿಗೂ ಒಬ್ಬ ಕುಲಕರ್ಣಿ ಬೇಕಾಗಿದ್ದುದರಿಂದ ಈ ಹೆಸರು ನೂರಾರು ಊರುಗಳಲ್ಲಿ ಪ್ರತ್ಯೇಕವಾಗಿ ಹುಟ್ಟಿತು. ಒಂದೂರಿನ ಕುಲಕರ್ಣಿ ಮನೆತನಕ್ಕೂ ಹತ್ತು ಹರದಾರಿ ಆಚೆಯ ಊರಿನ ಕುಲಕರ್ಣಿ ಮನೆತನಕ್ಕೂ ಹೆಸರೊಂದರ ಹೊರತು ಬೇರೆ ನಂಟು ಇರಬೇಕೆಂಬ ನಿಯಮವಿಲ್ಲ. ಅಣ್ಣತಮ್ಮಂದಿರ ನಡುವೆ ವತನದ ಪಾಲಾದಾಗ ಒಂದೇ ಊರಿನಲ್ಲಿ ಹಲವು ಕುಲಕರ್ಣಿ ಮನೆಗಳಾದವು. ವತನವನ್ನು ಮಾರಿದ, ಕೊಂಡ ಸಂದರ್ಭಗಳೂ ಇದ್ದವು. ಆಗ ಹುದ್ದೆ ಹೊಸ ಮನೆತನದ ಕೈಸೇರಿ ಹೆಸರೂ ಅದರ ಹಿಂದೆ ಹೋಯಿತು.

ಮತ್ತೊಂದು ಅಂಶವನ್ನು ಮರೆಯಬಾರದು. ಒಂದೇ ಮನೆತನಕ್ಕೆ ಎರಡು ಹೆಸರುಗಳು ಸಲ್ಲಬಹುದು. ಕನ್ನಡದ ಕಾದಂಬರಿಕಾರ ಗಳಗನಾಥರ ಪೂರ್ಣ ಹೆಸರು ವೆಂಕಟೇಶ ತಿರಕೊ ಕುಲಕರ್ಣಿ. ಕುಲಕರ್ಣಿ ಎಂಬುದು ಹುದ್ದೆಯಿಂದ ಬಂದದ್ದು. ಗಳಗನಾಥ ಎಂಬುದು ಊರಿನಿಂದ ಬಂದದ್ದು. ಓದುಗರಲ್ಲಿ ಉಳಿದದ್ದು ಊರಿನ ಹೆಸರೇ. ಕನ್ನಡದ ರೂಢಿಯಲ್ಲಿ ಊರಿನ ಹೆಸರು ಯಾವ ಪ್ರತ್ಯಯವೂ ಇಲ್ಲದೆ ಅಡ್ಡಹೆಸರಾಗುತ್ತದೆ: ಗೋಕಾಕ, ಕಾರ್ನಾಡ, ಗಲಗಲಿ. ಮರಾಠಿಯ ರೂಢಿಯಲ್ಲಿ ಅದಕ್ಕೆ 'ಕರ' ಸೇರುತ್ತದೆ. ಗಡಿಯ ಈಚೆ ಬರೆಸಿದರೆ ಒಂದು ರೂಪ, ಆಚೆ ಬರೆಸಿದರೆ ಇನ್ನೊಂದು ರೂಪ. ಕಂದಾಯದ ದಾಖಲೆ, ನ್ಯಾಯಾಲಯ, ಶಾಲೆಯ ಪಟ್ಟಿ ಇವುಗಳಲ್ಲಿ ಹೆಸರು ಬರೆಸಲೇಬೇಕಾಗಿ ಬಂದಾಗ ಗುಮಾಸ್ತನ ಲೇಖನಿಗೆ ಬಂದ ರೂಪವೇ ಎಷ್ಟೋ ಮನೆಗಳಿಗೆ ಸ್ಥಿರವಾಯಿತು.

ಹುದ್ದೆ ಅಳಿದ ಮೇಲೂ ಹೆಸರು ಉಳಿಯಿತು. ಕೊಲ್ಲಾಪುರದ ಶಾಹು ಮಹಾರಾಜರು 1918ರಲ್ಲಿಯೇ ತಮ್ಮ ಸಂಸ್ಥಾನದಲ್ಲಿ ಕುಲಕರ್ಣಿ ವತನಗಳನ್ನು ರದ್ದುಪಡಿಸಿ ಸಂಬಳದ ತಲಾಠಿಗಳನ್ನು ನೇಮಿಸಿದರು. ಮುಂಬಯಿ ಪ್ರಾಂತದಲ್ಲಿ 1950ರ ಶಾಸನವು ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ಕೊನೆಗಾಣಿಸಿತು. ಮೈಸೂರು ರಾಜ್ಯದಲ್ಲಿ 1961ರ ಶಾಸನವು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕಿತು. ಇಂದು ಕುಲಕರ್ಣಿ ಎಂಬ ಹೆಸರಿನಿಂದ ಊರಿನ ಲೆಕ್ಕ ಬರೆಯುವ ಅಧಿಕಾರ ಯಾರಿಗೂ ಬರುವುದಿಲ್ಲ. ಹುದ್ದೆಯ ನೆನಪು ಮಾತ್ರ ಸಹಿಯಲ್ಲಿ ಉಳಿದಿದೆ.

ವಂಶವಾಹಿಯ ಸಾಕ್ಷ್ಯ

ಅಡ್ಡಹೆಸರು ಸಾಮಾನ್ಯವಾಗಿ ತಂದೆಯಿಂದ ಮಗನಿಗೆ ಬರುತ್ತದೆ. ಮನುಷ್ಯನ 23 ಜೋಡಿ ವರ್ಣತಂತುಗಳಲ್ಲಿ ವೈ ವರ್ಣತಂತುವೂ ತಂದೆಯಿಂದ ಮಗನಿಗೇ ಬರುತ್ತದೆ. ಈ ಸಾದೃಶ್ಯವೇ ವಿಜ್ಞಾನಿಗಳ ಕುತೂಹಲಕ್ಕೆ ಕಾರಣ. ವೈ ವರ್ಣತಂತುವು ಬಹುಮಟ್ಟಿಗೆ ಇದ್ದಂತೆಯೇ ಮುಂದಿನ ತಲೆಮಾರಿಗೆ ಸಾಗುತ್ತದೆ. ಅಪರೂಪಕ್ಕೊಮ್ಮೆ ಸಣ್ಣ ವ್ಯತ್ಯಾಸವಾಗುತ್ತದೆ. ಇದಕ್ಕೆ ಉತ್ಪರಿವರ್ತನೆ ಎಂದು ಹೆಸರು.

ಗ್ರಂಥಸಂಪಾದನೆಯನ್ನು ಓದಿದವರಿಗೆ ಇದು ಹೊಸ ತತ್ತ್ವವಲ್ಲ. ಓಲೆಗರಿಯ ಪ್ರತಿಯನ್ನು ಲಿಪಿಕಾರನು ನಕಲು ಮಾಡುವಾಗ ಒಂದು ಅಕ್ಷರ ತಪ್ಪುತ್ತದೆ. ಅವನ ಪ್ರತಿಯಿಂದ ಇಳಿದ ಪ್ರತಿಗಳಲ್ಲೆಲ್ಲ ಆ ತಪ್ಪು ಮುಂದುವರಿಯುತ್ತದೆ. ಒಂದೇ ವಿಶಿಷ್ಟ ಸ್ಖಾಲಿತ್ಯವು ಎರಡು ಪ್ರತಿಗಳಲ್ಲಿ ಕಂಡರೆ ಅವುಗಳಿಗೆ ಸಮಾನ ಮಾತೃಕೆಯಿದೆಯೆಂದು ಊಹಿಸುತ್ತೇವೆ. ಅದೇ ರೀತಿ ಇಬ್ಬರು ಪುರುಷರ ವೈ ವರ್ಣತಂತುಗಳಲ್ಲಿ ಒಂದೇ ಬಗೆಯ ವ್ಯತ್ಯಾಸಗಳು ಕಂಡರೆ ಅವರಿಗೆ ತಂದೆಯ ಕಡೆಯಿಂದ ಒಬ್ಬ ಸಮಾನ ಪೂರ್ವಜನಿದ್ದಾನೆಂದು ತಿಳಿಯಬಹುದು.

ಈ ವಿಧಾನವನ್ನು ಇಂಗ್ಲೆಂಡಿನ ಅಡ್ಡಹೆಸರುಗಳ ಮೇಲೆ ಪ್ರಯೋಗಿಸಿ ನೋಡಿದ್ದಾರೆ. ಆಕ್ಸ್‌ಫರ್ಡಿನ ಬ್ರಯಾನ್ ಸೈಕ್ಸ್ ತಮ್ಮದೇ ಅಡ್ಡಹೆಸರಿನ 48 ಪುರುಷರನ್ನು ಪರೀಕ್ಷಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಅರ್ಧಕ್ಕೆ ಸಮೀಪದವರು ಒಂದೇ ಬಗೆಯ ವೈ ವರ್ಣತಂತುವನ್ನು ಹೊಂದಿದ್ದರು, ಉಳಿದವರದು ಬೇರೆಬೇರೆ. ಲೆಸ್ಟರ್ ವಿಶ್ವವಿದ್ಯಾಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಅಡ್ಡಹೆಸರುಗಳ 1,678 ಪುರುಷರನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದ ಲೇಖನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ವಿರಳವಾದ ಅಡ್ಡಹೆಸರುಳ್ಳವರಲ್ಲಿ ಸಮಾನ ಪೂರ್ವಜರ ಗುರುತು ಬಲವಾಗಿ ಕಂಡಿತು. ಆದರೆ ಸ್ಮಿತ್‌ನಂತಹ ಬಹುಸಾಮಾನ್ಯ ಹೆಸರಿನವರಲ್ಲಿ, ಬೀದಿಯಲ್ಲಿ ಸಿಕ್ಕ ಯಾರಾದರೂ ಇಬ್ಬರ ನಡುವೆ ಇರುವುದಕ್ಕಿಂತ ಹೆಚ್ಚಿನ ಸಂಬಂಧ ಕಾಣಲಿಲ್ಲ. ಕಾರಣ ಸ್ಪಷ್ಟ: ಸ್ಮಿತ್ ಎಂದರೆ ಕಮ್ಮಾರ, ಊರೂರಿಗೂ ಕಮ್ಮಾರನಿದ್ದ. ವೃತ್ತಿಯಿಂದ ಬಂದ ಹೆಸರಿಗೆ ಮೂಲಪುರುಷರು ಹಲವರು.

ನಮ್ಮ ಹೆಸರುಗಳಿಗೆ ಅನ್ವಯ

ಈ ತತ್ತ್ವವನ್ನು ಕುಲಕರ್ಣಿಗೆ ಅನ್ವಯಿಸಿದರೆ, ಇದು ದಖ್ಖನಿನ 'ಸ್ಮಿತ್' ಎನ್ನಬೇಕಾಗುತ್ತದೆ. ಪಾಟೀಲ ಎಂಬ ಹೆಸರಿನಲ್ಲಿ ಇದು ಇನ್ನೂ ಸ್ಪಷ್ಟ. ಲಿಂಗಾಯತರು, ಮರಾಠರು, ಜೈನರು, ಮುಸಲ್ಮಾನರು ಎಲ್ಲರಲ್ಲಿಯೂ ಪಾಟೀಲರಿದ್ದಾರೆ. ತಮ್ಮತಮ್ಮೊಳಗೇ ಮದುವೆ ಮಾಡಿಕೊಳ್ಳುವ ಇಷ್ಟು ಸಮುದಾಯಗಳು ಹಂಚಿಕೊಂಡ ಹೆಸರು ಒಬ್ಬನ ಸಂತತಿಯ ಗುರುತಾಗಲಾರದು.

ಒಂದೇ ಊರಿನ ಒಂದೇ ವತನದ ಮನೆಗಳಲ್ಲಿ ಸಮಾನ ಪೂರ್ವಜನಿರುವ ಸಾಧ್ಯತೆ ಹೆಚ್ಚು. ಅಲ್ಲಿಯೂ ದತ್ತಕದ ವಿಷಯವನ್ನು ಗಮನಿಸಬೇಕು. ವತನ ಉಳಿಯಬೇಕಾದರೆ ಗಂಡು ವಾರಸುದಾರನಿರಬೇಕು. ಇಲ್ಲದಿದ್ದರೆ ದತ್ತು ತೆಗೆದುಕೊಳ್ಳುತ್ತಿದ್ದರು. ದಾಯಾದಿಯ ಮಗನನ್ನು ದತ್ತು ತಂದರೆ ಹೆಸರೂ ವೈ ವರ್ಣತಂತುವೂ ಹಾಗೆಯೇ ಮುಂದುವರಿಯುತ್ತವೆ. ಮಗಳ ಮಗನನ್ನು ತಂದರೆ ಹೆಸರು ಉಳಿದು ವರ್ಣತಂತು ಬದಲಾಗುತ್ತದೆ. ಮನೆತನದ ದೃಷ್ಟಿಯಿಂದ ಎರಡೂ ಸಮಾನವಾಗಿ ನ್ಯಾಯವಾದ ಉತ್ತರಾಧಿಕಾರಗಳೇ. ಪ್ರಯೋಗಾಲಯವು ಅವನ್ನು ಬೇರೆಬೇರೆಯಾಗಿ ತೋರಿಸಿದರೆ ಮನೆತನ ಸುಳ್ಳಾಗುವುದಿಲ್ಲ.

ಲೆಕ್ಕದ ಮಾತನ್ನೂ ನೋಡೋಣ. ಒಬ್ಬ ವ್ಯಕ್ತಿಗೆ ತಂದೆತಾಯಿಗಳು ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹೀಗೆ ಹತ್ತು ತಲೆಮಾರು, ಎಂದರೆ ಸುಮಾರು 300 ವರ್ಷ, ಹಿಂದಕ್ಕೆ ಹೋದರೆ ಆ ತಲೆಮಾರಿನಲ್ಲಿ 1,024 ಪೂರ್ವಜರ ಸ್ಥಾನಗಳಿರುತ್ತವೆ. ನೆಂಟರಲ್ಲೇ ಮದುವೆಯಾಗುವ ರೂಢಿಯಿಂದ ಒಬ್ಬರೇ ಹಲವು ಸ್ಥಾನಗಳಲ್ಲಿ ಬರಬಹುದು. ಆದರೂ ಅಡ್ಡಹೆಸರು ಮತ್ತು ವೈ ವರ್ಣತಂತುಗಳು ಹಿಡಿದುಕೊಡುವುದು ಆ 1,024ರಲ್ಲಿ ಒಂದೇ ಸ್ಥಾನವನ್ನು. ತಾಯಿಯ ತಾಯಿಯ ಸಾಲನ್ನು ಹೇಳುವ ಮೈಟೋಕಾಂಡ್ರಿಯದ ಡಿಎನ್‌ಎಯನ್ನು ಸೇರಿಸಿದರೂ ಎರಡೇ ಆಗುತ್ತವೆ. ಉಳಿದ ಅಜ್ಜಅಜ್ಜಿಯರ ಹೆಸರುಗಳು ನಮ್ಮ ಸಹಿಯಲ್ಲಿಲ್ಲ. ನಮ್ಮ ಮೈಯಲ್ಲಿ ಮಾತ್ರ ಅವರಲ್ಲಿ ಅನೇಕರ ಪಾಲಿದೆ.

ಕಾಲದ ಅಂತರವೂ ದೊಡ್ಡದು. 2013ರಲ್ಲಿ ಪ್ರಿಯಾ ಮೂರ್ಜಾನಿ ಮತ್ತು ಸಹಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಭಾರತದ ಬಹುತೇಕ ಸಮುದಾಯಗಳು ಎರಡು ಪ್ರಾಚೀನ ಜನಸಮೂಹಗಳ ಬೆರಕೆಯಿಂದ ಆದವು. ಆ ಬೆರಕೆ ನಡೆದದ್ದು ಇಂದಿನಿಂದ ಸುಮಾರು 4,200 ಮತ್ತು 1,900 ವರ್ಷಗಳ ಹಿಂದಿನ ಅವಧಿಯಲ್ಲಿ. ನಮ್ಮ ಅಡ್ಡಹೆಸರುಗಳು ಅದರ ಮುಂದೆ ನಿನ್ನೆ ಮೊನ್ನೆಯವು. ವೈ ವರ್ಣತಂತುವಿನ ದೊಡ್ಡ ಗುಂಪುಗಳಂತೂ ಅದಕ್ಕಿಂತಲೂ ಹಳೆಯವು. ಅವು ಜಾತಿ, ಭಾಷೆಗಳ ಗೆರೆಗಳನ್ನು ದಾಟಿ ಹರಡಿಕೊಂಡಿವೆ. ಹಾಗಾಗಿ ಪರೀಕ್ಷೆಯ ಫಲಿತಾಂಶದಲ್ಲಿ ಬಂದ ಗುಂಪಿನ ಹೆಸರನ್ನು ನೋಡಿ ಇವನು ಕನ್ನಡಿಗ, ಇವನು ಮರಾಠಿಗ ಎಂದು ಹೇಳಲು ಬರುವುದಿಲ್ಲ.

ಹೆಸರು, ರಕ್ತ, ನುಡಿ

ಈಗ ಮೊದಲಿನ ಪ್ರಶ್ನೆಗಳಿಗೆ ಮರಳೋಣ. ಕುಲಕರ್ಣಿ ಎಂಬುದು ದಖ್ಖನಿನ ಆಡಳಿತ ಪರಿಭಾಷೆಯ ಪದ. ಕನ್ನಡ ಮರಾಠಿಗಳೆರಡೂ ಅದನ್ನು ಬಳಸಿವೆ. ಆ ಹೆಸರಿನವರಿಗೆ ಮೂಲಪುರುಷರು ಹಲವರು. ಆದ್ದರಿಂದ ಹೆಸರಿನ ಆಧಾರದ ಮೇಲೆ ಒಂದು ಮನೆಯನ್ನು ಕನ್ನಡಕ್ಕೆ ಸೇರಿಸುವುದೂ ಕನ್ನಡದಿಂದ ಹೊರಗಿಡುವುದೂ ಶಾಸ್ತ್ರಸಮ್ಮತವಲ್ಲ. ನುಡಿಯು ವರ್ಣತಂತುವಿನಲ್ಲಿ ಇಳಿದು ಬರುವುದಿಲ್ಲ; ಮನೆಯಲ್ಲಿ ಆಡಿದರೆ ಬರುತ್ತದೆ, ಆಡುವುದನ್ನು ಬಿಟ್ಟರೆ ಒಂದೆರಡು ತಲೆಮಾರಿನಲ್ಲಿ ಹೋಗುತ್ತದೆ. ಅಡ್ಡಹೆಸರಿನ ಕೊನೆಯಲ್ಲಿ 'ಕರ' ಇದೆಯೆಂದು ಕನ್ನಡ ತರಗತಿಗೆ ಬರಲು ಸಂಕೋಚಪಡುವ ವಿದ್ಯಾರ್ಥಿಯೂ, ಅಚ್ಚಗನ್ನಡದ ಊರಿನ ಹೆಸರು ತನಗಿದೆಯೆಂದು ಕನ್ನಡವನ್ನು ಓದದೆಯೇ ನಿಶ್ಚಿಂತನಾಗಿರುವವನೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ.

ಮನೆತನದ ಮೂಲವನ್ನು ಅರಿಯಬಯಸುವವರಿಗೆ ಹಣ ತೆತ್ತು ಮಾಡಿಸುವ ಪರೀಕ್ಷೆಗಿಂತ ಮೊದಲು ನೋಡಬೇಕಾದ ಆಕರಗಳು ಹತ್ತಿರದಲ್ಲಿಯೇ ಇವೆ. ವತನದ ಕಾಗದಗಳು, ಹಲವು ಕಡೆ ಮೋಡಿ ಲಿಪಿಯವು, ಹಳೆಯ ಪೆಟ್ಟಿಗೆಗಳಲ್ಲಿರಬಹುದು. ಮನೆದೇವರ ಕ್ಷೇತ್ರ ದೂರದಲ್ಲಿದ್ದರೆ ಅದು ವಲಸೆಯ ಸುಳಿವು. ಎತ್ತಿನ ಮೇಲೆ ಊರೂರು ತಿರುಗಿ ಒಕ್ಕಲುಗಳ ವಂಶಾವಳಿಯನ್ನು ಹೇಳುವ ಹೆಳವರ ಬಾಯಲ್ಲಿಯೂ ಹೊತ್ತಿಗೆಗಳಲ್ಲಿಯೂ ಮೂಲಸ್ಥಳದ ನೆನಪುಗಳಿವೆ. ಇವುಗಳನ್ನು ಒಂದಕ್ಕೊಂದು ಹೋಲಿಸಿ, ಹೊಂದದ ಕಡೆ ತೀರ್ಮಾನವನ್ನು ತಡೆಹಿಡಿಯುವುದೇ ಸಂಶೋಧಕನ ಶಿಸ್ತು.

ಅಭ್ಯಾಸಕ್ಕೆ

1. ನಿಮ್ಮ ತರಗತಿಯ ಅಡ್ಡಹೆಸರುಗಳನ್ನು ಹುದ್ದೆ, ಊರು, ವೃತ್ತಿ, ಪೂರ್ವಜನ ಹೆಸರು, ಧಾರ್ಮಿಕ ನೆಲೆ ಎಂದು ವರ್ಗೀಕರಿಸಿ. ಯಾವ ವರ್ಗದ ಹೆಸರುಗಳಿಗೆ ಒಬ್ಬನೇ ಮೂಲಪುರುಷನಿರುವ ಸಾಧ್ಯತೆ ಹೆಚ್ಚು? ಕಾರಣ ಕೊಡಿ.

2. 'ಕುಲದ ಕಿವಿ'ಯಂತಹ ಇನ್ನೆರಡು ಜನನಿರುಕ್ತಿಗಳನ್ನು ಸಂಗ್ರಹಿಸಿ, ಧ್ವನಿನಿಯಮದ ನೆಲೆಯಲ್ಲಿ ಪರೀಕ್ಷಿಸಿ.

3. ನಿಮ್ಮ ಅಜ್ಜಿಯ, ಅವರ ತಾಯಿಯ ತವರುಮನೆಯ ಹೆಸರುಗಳನ್ನು ಕೇಳಿ ಬರೆದಿಡಿ. ಅಡ್ಡಹೆಸರು ಹೇಳದ ವಂಶಚರಿತ್ರೆ ಅಲ್ಲಿಂದ ಆರಂಭವಾಗುತ್ತದೆ.