ಮುರಿದ ಮಣಿಕಟ್ಟು ಮತ್ತೆ ದುಡಿಯಬೇಕಾದರೆ

ಚನ್ನಪಟ್ಟಣದಲ್ಲಿ ಲೇತ್ ಮುಂದೆ ಕೂತು ಆಲೆಮರ ಕಡೆಯುವವರು, ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವರು, ಕನಕಪುರದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು: ಎಲ್ಲರ ಅನ್ನವೂ ಮಣಿಕಟ್ಟಿನಲ್ಲಿದೆ. ಬೈಕಿನಿಂದ ಬಿದ್ದು ಕೀಲಿನೊಳಗೇ ಮೂಳೆ ಚೂರಾದರೆ ಹೀಗೆ ಮಾಡಿ.

1. ಬಳೆ, ಉಂಗುರ ಕೂಡಲೇ ತೆಗೆಯಿರಿ. ಬಾವು ಏರಿದ ಮೇಲೆ ಕತ್ತರಿಸಿಯೇ ತೆಗೆಯಬೇಕು.

2. ನಾಟಿ ಕಟ್ಟಿಗೆ ಓಡುವ ಮೊದಲು ಎಕ್ಸ್‌ರೇ ತೆಗೆಸಿ. ಕೀಲಿನ ಮೇಲ್ಮೈಯಲ್ಲಿ 2 ಮಿ.ಮೀ.ಗಿಂತ ಹೆಚ್ಚು ಏರುತಗ್ಗು ಉಳಿದರೆ ಮುಂದೆ ಕೀಲು ಸವೆಯುವ ಸಂಭವ ಹೆಚ್ಚು. ಅದು ಮುಟ್ಟಿ ನೋಡಿದರೆ ತಿಳಿಯದು, ಕೆಲವೊಮ್ಮೆ ಸಿ.ಟಿ. ಸ್ಕ್ಯಾನೇ ಬೇಕು. ವಾರಗಟ್ಟಲೆ ತಡಮಾಡಿದರೆ ಮೂಳೆ ಸೊಟ್ಟಗೇ ಕೂಡುತ್ತದೆ.

3. ಪ್ಲೇಟೋ, ತಂತಿಯೋ ಎಂದು ಡಾಕ್ಟರನ್ನು ಕೇಳಿ. ಅಂಗೈ ಕಡೆಯಿಂದ ಪ್ಲೇಟು ಕೂರಿಸಿದರೆ ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ಮಣಿಕಟ್ಟು ಆಡಿಸಬಹುದು. ತಂತಿಯಾದರೆ 4ರಿಂದ 6 ವಾರ. ಮಾಗಡಿಯ ಎಪ್ಪತ್ತರ ಅಜ್ಜಿಗೆ ಆಪರೇಷನ್ ಬೇಡವೆಂದರೆ ಮಕ್ಕಳು ಕೊರಗಬೇಕಿಲ್ಲ. ಆ ವಯಸ್ಸಿನಲ್ಲಿ ಮೂಳೆ ತುಸು ಸೊಟ್ಟಗೆ ಕೂಡಿದರೂ ಕೈ ಚೆನ್ನಾಗೇ ನಡೆಯುವುದುಂಟು.

4. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ವಿಚಾರಿಸಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಬೆಂಗಳೂರಿಗೆ ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳಿ ಪಡೆಯಿರಿ. ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸಂಸ್ಥೆ.

5. ಬೆರಳು ಆಡಿಸಿ. ಎಲ್ಲಕ್ಕಿಂತ ದೊಡ್ಡ ಸೂತ್ರ ಇದೇ, ಜನ ಬಿಡುವುದೂ ಇದನ್ನೇ. ಆಪರೇಷನ್ ಆದ ದಿನದಿಂದಲೇ ಪೂರ್ತಿ ಮುಷ್ಟಿ ಕಟ್ಟಿ, ಪೂರ್ತಿ ಬಿಡಿಸಿ. ದಿನವಿಡೀ ಮತ್ತೆ ಮತ್ತೆ. ಮೊಣಕೈ, ಭುಜವನ್ನೂ ಮರೆಯಬೇಡಿ. ‘ಆಡಿಸಬೇಡಮ್ಮ, ಪ್ಲೇಟು ಜರುಗುತ್ತೆ’ ಎನ್ನುವ ನೆಂಟರಿಗೆ ಕಾಫಿ ಕೊಟ್ಟು ಕಳಿಸಿ. ಮೂಳೆ ತಾನಾಗಿ ಕೂಡುತ್ತದೆ, ಬಿಗಿದ ಬೆರಳು ತಾನಾಗಿ ಬಿಡುವುದಿಲ್ಲ. ಮಲಗಿದಾಗ ಕೈ ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿರಲಿ.

6. ಡಾಕ್ಟರು ಒಪ್ಪಿದ ಮೇಲೆ ತೀರ್ಥಕ್ಕೆ ಕೈ ಚಾಚುವಂತೆ ಅಂಗೈ ಮೇಲೆ ತಿರುಗಿಸುವುದನ್ನು ರೂಢಿಸಿ. ಹಲವರಿಗೆ ಇದು ತಡವಾಗಿಯೇ ಮರಳುತ್ತದೆ. ಮುದ್ದೆ ತಿರುವುವುದು, ಉಳಿ ಒತ್ತಿ ಹಿಡಿಯುವುದು ಮೂಳೆ ಕೂಡಿದೆಯೆಂದು ಎಕ್ಸ್‌ರೇ ಹೇಳಿದ ಮೇಲೆಯೇ, ಸುಮಾರು ಮೂರು ತಿಂಗಳಿಗೆ. ಹಿಡಿತದ ಬಲ ಬರಲು ವರ್ಷವೇ ಆಗಬಹುದು.

7. ಬೆರಳು ಜೋಮು ಹಿಡಿದರೆ, ನೀಲಿಗಟ್ಟಿದರೆ, ಬಿಡಿಸಿದಾಗ ಪ್ರಾಣ ಹೋಗುವಂತೆ ನೋವಾದರೆ ಬೆಳಗಾಗಲಿ ಎಂದು ಕಾಯಬೇಡಿ. ತಿಂಗಳುಗಳ ನಂತರ ಹೆಬ್ಬೆರಳು ಇದ್ದಕ್ಕಿದ್ದಂತೆ ಮೇಲೇಳದಿದ್ದರೆ ಸ್ನಾಯುರಜ್ಜು ತುಂಡಾಗಿರಬಹುದು, ಅದಕ್ಕೂ ದುರಸ್ತಿಯಿದೆ.

8. ಐವತ್ತು ದಾಟಿದವರ ಕೈ ಬಚ್ಚಲಲ್ಲಿ ಜಾರಿದ್ದಕ್ಕೇ ಮುರಿದಿದ್ದರೆ ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ ಮಾಡಿಸಿ. ಮೂಳೆ ಟೊಳ್ಳಾಗಿದ್ದರೆ ಮುಂದಿನ ಸರದಿ ಸೊಂಟದ್ದು.