ಮಿತಾಹಾರಿಯ ವ್ಯಾಯಾಮ: ಧಾನ್ಯಕ್ಕೂ ಒಂದು ಹೊತ್ತುಂಟು



"ಡಾಕ್ಟರೇ, ಅನ್ನ, ರೊಟ್ಟಿ ಎರಡನ್ನೂ ಬಿಟ್ಟಿದ್ದೇನೆ, ಬೆಳಿಗ್ಗೆ ಜಿಮ್ಮಿಗೂ ಹೋಗುತ್ತಿದ್ದೇನೆ" ಎಂದು ಹೆಮ್ಮೆಯಿಂದ ನುಡಿಯುವವರು ಈಚೆಗೆ ನಮ್ಮ ಚಿಕಿತ್ಸಾಲಯಕ್ಕೆ ಹೆಚ್ಚಾಗಿ ಬರುತ್ತಿದ್ದಾರೆ. ತೂಕ ಇಳಿಸುವುದಕ್ಕಾಗಿ, ಮಧುಮೇಹವನ್ನು ಹತೋಟಿಯಲ್ಲಿಡುವುದಕ್ಕಾಗಿ ಧಾನ್ಯವನ್ನು ಮಿತಗೊಳಿಸುವುದು ತಪ್ಪಲ್ಲ. ನಮ್ಮ ಸಾಮಾನ್ಯ ಊಟದಲ್ಲಿ ದೇಹಕ್ಕೆ ದೊರೆಯುವ ಶಕ್ತಿಯ ಶೇ. 60ರ ಆಸುಪಾಸು ಪಾಲು ಧಾನ್ಯ, ಸಕ್ಕರೆ, ಬೆಲ್ಲಗಳ ಶರ್ಕರಪಿಷ್ಟದಿಂದಲೇ ಬರುತ್ತದೆ. ಕಾರ್ಬೋಹೈಡ್ರೇಟ್ ಎಂದು ಕರೆಯುವುದು ಇದನ್ನೇ. ಆದರೆ ಎಷ್ಟು ಉಣ್ಣಬೇಕೆಂದು ಲೆಕ್ಕ ಹಾಕುವವರು ಯಾವ ಹೊತ್ತಿಗೆ ಉಣ್ಣಬೇಕೆಂಬುದನ್ನು ಮರೆಯುತ್ತಾರೆ. ಈ ಮರೆವಿನಲ್ಲಿ ನಮ್ಮದೂ ಒಂದು ಪಾಲಿದ್ದುದರಿಂದಲೇ ಈ ಲೇಖನ.

ಕೆಲವು ವರ್ಷಗಳ ಹಿಂದೆ ಐವತ್ತೈದರ ವಯಸ್ಸಿನ ಶಿಕ್ಷಕರೊಬ್ಬರು ಮಧುಮೇಹಕ್ಕೆಂದು ನಮ್ಮಲ್ಲಿಗೆ ಬಂದರು. ದಿನಕ್ಕೆ ಆರು ರೊಟ್ಟಿ ಉಣ್ಣುತ್ತಿದ್ದವರಿಗೆ ಎರಡಕ್ಕೆ ಇಳಿಸಲು, ನಿತ್ಯ ಬೆವರು ಬರುವಂತೆ ವ್ಯಾಯಾಮ ಮಾಡಲು ಹೇಳಿದೆವು. ಅವರು ನಿಷ್ಠೆಯಿಂದ ಪಾಲಿಸಿದರು. ಮೂರನೆಯ ವಾರದಲ್ಲಿ ಒಂದು ಮುಂಜಾನೆ ವ್ಯಾಯಾಮ ಮುಗಿಸಿ ಬಂದವರು ಮನೆಯ ಮೆಟ್ಟಿಲ ಮೇಲೆಯೇ ಕುಸಿದು ಕುಳಿತರು. ಮೈಯೆಲ್ಲ ತಣ್ಣನೆಯ ಬೆವರು, ಕೈನಡುಕ, ತೊದಲು ಮಾತು. ಅವರ ಮನೆಯವರು ಜಾಣರು. ಎಚ್ಚರವಿದ್ದು ನುಂಗಬಲ್ಲರೆಂಬುದನ್ನು ನೋಡಿ ಸಕ್ಕರೆ ನೀರು ಕುಡಿಸಿದರು. ಹದಿನೈದು ನಿಮಿಷಗಳಲ್ಲಿ ಚೇತರಿಸಿಕೊಂಡರು. ಆಮೇಲೆ ವಿಚಾರಿಸಿದಾಗ ತಿಳಿಯಿತು: ಬೇರೊಬ್ಬ ವೈದ್ಯರು ಕೊಟ್ಟ ಗ್ಲಿಮೆಪಿರೈಡ್ ಮಾತ್ರೆಯನ್ನು ಎದ್ದೊಡನೆ ನುಂಗಿ, ಲಿಂಗಪೂಜೆ ಮುಗಿಸಿ, ಬರಿಹೊಟ್ಟೆಯಲ್ಲಿಯೇ ಒಂದು ಗಂಟೆ ವ್ಯಾಯಾಮ ಮಾಡುತ್ತಿದ್ದರು. ಮಾತ್ರೆಯ ವಿಷಯ ಅವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಕೇಳಬೇಕಾದವರು ನಾವು. ಆ ಲೋಪ ನಮ್ಮದೇ.

ದೇಹದ ಕಣಜ

ಉಂಡ ಧಾನ್ಯ ಗ್ಲೂಕೋಸಾಗಿ ರಕ್ತವನ್ನು ಸೇರುತ್ತದೆ. ತಕ್ಷಣಕ್ಕೆ ಬೇಡವಾದುದರಲ್ಲಿ ಒಂದಷ್ಟನ್ನು ದೇಹವು ಗ್ಲೈಕೋಜೆನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಒಬ್ಬ ವಯಸ್ಕನ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಇಂಥ ಸಂಗ್ರಹವಿರುತ್ತದೆ. ಸ್ನಾಯುವಿನ ಕಣಜ ಆ ಸ್ನಾಯುವಿಗೇ ಮೀಸಲು. ಯಕೃತ್ತಿನ ಕಣಜವಾದರೋ ರಾತ್ರಿಯಿಡೀ ರಕ್ತಕ್ಕೆ ಸಕ್ಕರೆಯನ್ನು ಒದಗಿಸುತ್ತ ಬೆಳಗಾಗುವ ಹೊತ್ತಿಗೆ ಬಹಳಷ್ಟು ತಗ್ಗಿರುತ್ತದೆ. ನಿಧಾನವಾಗಿ ನಡೆಯುವಾಗ ದೇಹ ಹೆಚ್ಚಾಗಿ ಕೊಬ್ಬನ್ನು ಉರಿಸುತ್ತದೆ. ಭಾರ ಎತ್ತುವಾಗ, ಓಡುವಾಗ, ದಂಡ ಬೈಠಕ್ ಹೊಡೆಯುವಾಗ ಗ್ಲೈಕೋಜೆನ್ನಿಗೇ ಕೈಹಾಕುತ್ತದೆ. ಧಾನ್ಯ ಬಿಟ್ಟವರಲ್ಲಿ ಈ ಕಣಜ ಅರೆತುಂಬಿರುವುದರಿಂದ ಕಠಿಣ ವ್ಯಾಯಾಮದಲ್ಲಿ ಬೇಗ ದಣಿವಾಗುತ್ತದೆ. ಪ್ರತಿ ಗ್ರಾಂ ಗ್ಲೈಕೋಜೆನ್ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಮೊದಲ ವಾರದಲ್ಲಿ ಎರಡು ಕಿಲೋ ಇಳಿಯಿತೆಂದು ಸಂತೋಷಪಡುವವರು, ಇಳಿದುದರಲ್ಲಿ ಬಹುಪಾಲು ನೀರೆಂಬುದನ್ನು ತಿಳಿದಿರಬೇಕು.

ಇನ್ನೊಂದು ಸಂಗತಿ ನಮಗೆ ಅನುಕೂಲವಾದುದು. ದುಡಿದ ಸ್ನಾಯು ಇನ್ಸುಲಿನ್ನಿನ ಹೆಚ್ಚಿನ ನೆರವಿಲ್ಲದೆಯೇ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ವ್ಯಾಯಾಮದ ನಂತರದ ಒಂದೆರಡು ಗಂಟೆಗಳಲ್ಲಿ ಈ ಹಸಿವು ಹೆಚ್ಚು. ಅದರ ಪ್ರಭಾವ ಒಂದು ದಿನದವರೆಗೂ ಉಳಿಯಬಹುದು. ಆದುದರಿಂದ ದಿನಕ್ಕೆ ಎರಡೇ ರೊಟ್ಟಿ ಉಣ್ಣುವವರು ಅವನ್ನು ರಾತ್ರಿ ಉಂಡು ಮಲಗುವುದಕ್ಕಿಂತ ದುಡಿಮೆಯ ಬದಿಗಿಟ್ಟು ಉಣ್ಣುವುದು ಲೇಸು.

ಪ್ರಾಚೀನರ ಮಾತು

ಚರಕಸಂಹಿತೆಯ ಸೂತ್ರಸ್ಥಾನವು ವ್ಯಾಯಾಮದಿಂದ ದೇಹ ಹಗುರವಾಗುವುದನ್ನು, ಕೆಲಸದ ಸಾಮರ್ಥ್ಯ ಹೆಚ್ಚುವುದನ್ನು, ಜಠರಾಗ್ನಿ ಬೆಳೆಯುವುದನ್ನು ಹೇಳುತ್ತದೆ. ಅದೇ ಅಧ್ಯಾಯದಲ್ಲಿ ಹಸಿದವರು ಮತ್ತು ಬಾಯಾರಿದವರು ವ್ಯಾಯಾಮ ಮಾಡಬಾರದೆಂಬ ಎಚ್ಚರಿಕೆಯೂ ಇದೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಅರ್ಧಶಕ್ತಿಯ ವ್ಯಾಯಾಮವನ್ನು ವಿಧಿಸುವಾಗಲೂ ಬಲವುಳ್ಳವರು, ಜಿಡ್ಡುಳ್ಳ ಆಹಾರ ಉಣ್ಣುವವರು ಎಂದು ಅರ್ಹತೆಯನ್ನು ಸೂಚಿಸುತ್ತಾನೆ. ಊಟ ತಗ್ಗಿಸಿದವನು ವ್ಯಾಯಾಮದ ತೀವ್ರತೆಯನ್ನೂ ಹದದಲ್ಲಿಡಬೇಕೆಂಬ ಪಾಠವನ್ನು ನಾವು ಇದರಿಂದ ಕಲಿಯಬಹುದು.

ಪ್ರಮೇಹ ರೋಗಿಗೆ ಚರಕರು ಧಾನ್ಯವನ್ನೇ ನಿಷೇಧಿಸಲಿಲ್ಲ. ಜವೆಗೋಧಿಯನ್ನು ಮುಖ್ಯ ಆಹಾರವಾಗಿ ಹೇಳಿದರು. ಸುಶ್ರುತರು ಅದೇ ರೋಗಕ್ಕೆ ಬಾವಿ ತೋಡುವುದನ್ನು, ದೂರ ನಡೆಯುವುದನ್ನು ಚಿಕಿತ್ಸೆಯ ಭಾಗವಾಗಿಸಿದರು. ಧಾನ್ಯ ಮತ್ತು ದುಡಿಮೆ ಜೊತೆಜೊತೆಯಾಗಿರಬೇಕೆಂಬ ತಿಳಿವು ಅಲ್ಲಿದೆ. ನಸುಕಿನಲ್ಲಿ ರೊಟ್ಟಿ, ಪಲ್ಯ ಉಂಡು ಹೊಲಕ್ಕೆ ಹೋಗುತ್ತಿದ್ದ ನಮ್ಮ ಹಿರಿಯರೂ ಇದನ್ನೇ ನಡೆಸಿದರು.

ಯಾರಿಗೆ, ಎಷ್ಟು, ಯಾವಾಗ?

ಮುಕ್ಕಾಲು ಗಂಟೆಯವರೆಗಿನ ನಡಿಗೆ, ಯೋಗಾಸನ, ಪ್ರಾಣಾಯಾಮ ಮಾಡುವವರಿಗೆ ಪ್ರತ್ಯೇಕ ಆಹಾರ ಅಗತ್ಯವಿಲ್ಲ. "ವಾಕಿಂಗ್ ಮಾಡಿದ್ದೇನೆ" ಎಂದು ದಾರಿಯಲ್ಲಿ ಎರಡು ವಡೆ ತಿಂದರೆ ನಡೆದ ಫಲ ಅಲ್ಲಿಗೇ ಮುಗಿಯಿತು. ಇಂಥವರು ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಮೆಲ್ಲನೆ ನಡೆದರೆ ಉಂಡ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆ.

ಸುಮಾರು ಒಂದು ಗಂಟೆ ಭಾರ ಎತ್ತುವವರು, ಗರಡಿಯಲ್ಲಿ ಸಾಧನೆ ಮಾಡುವವರು, ಓಡುವವರು ಮಾತ್ರ ಹೊತ್ತಿನ ಲೆಕ್ಕ ಇಟ್ಟುಕೊಳ್ಳಬೇಕು. ಉದಾಹರಣೆಗೆ, ದಿನಕ್ಕೆ 100 ಗ್ರಾಂ ಶರ್ಕರಪಿಷ್ಟ ಎಂದು ನಿಶ್ಚಯಿಸಿಕೊಂಡವರನ್ನು ತೆಗೆದುಕೊಳ್ಳೋಣ. 40 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 27 ಗ್ರಾಂ, ಒಂದು ಏಲಕ್ಕಿ ಬಾಳೆಹಣ್ಣಿನಲ್ಲಿ 12ರಿಂದ 15 ಗ್ರಾಂ, ಒಂದು ಬಟ್ಟಲು ಬೇಯಿಸಿದ ಬೇಳೆ ಅಥವಾ ಕಾಳಿನಲ್ಲಿ 15 ಗ್ರಾಂ ಆಸುಪಾಸು ಇರುತ್ತದೆ. ಬೆಳಗಿನ ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು. ಮುಗಿದ ಒಂದು ಗಂಟೆಯೊಳಗೆ ಒಂದು ರೊಟ್ಟಿ, ಹೆಸರುಕಾಳಿನ ಪಲ್ಯ, ಸ್ವಲ್ಪ ಮೊಸರು. ಹೀಗೆ 60 ಗ್ರಾಂ ಕಳೆಯಿತು. ಉಳಿದ 40 ಗ್ರಾಂನಲ್ಲಿ ಮಧ್ಯಾಹ್ನ ಸೊಪ್ಪು, ತರಕಾರಿ, ಬೇಳೆ, ಮಜ್ಜಿಗೆ. ರಾತ್ರಿ ತರಕಾರಿ ಮತ್ತು ಒಂದು ಲೋಟ ಹಾಲು. ಸಂಜೆ ವ್ಯಾಯಾಮ ಮಾಡುವವರು ಈ ರೊಟ್ಟಿಯನ್ನು ಸಂಜೆಗೆ ಸರಿಸಿಕೊಳ್ಳಲಿ. ಇದು ನಿಶ್ಚಯಿಸಿದ ಪಾಲಿನೊಳಗಿನ ಬದಲಾವಣೆ ಮಾತ್ರ, ಮೇಲುಪಾಲೆಂದು ತಿಳಿಯಬಾರದು. ನಿಮಿಷ ನಿಮಿಷದ ಲೆಕ್ಕವೂ ಬೇಡ. ಮರುದಿನವೇ ಮತ್ತೆ ವ್ಯಾಯಾಮ ಮಾಡುವವರಿಗೆ ನಡುವೆ ಇಡೀ ದಿನವಿದೆ.

ಹೊಟ್ಟೆ ತುಂಬ ಉಂಡವರು ವ್ಯಾಯಾಮಕ್ಕೆ ಮುನ್ನ ಮೂರು ಗಂಟೆ ಬಿಡಬೇಕು. ಪೂಜೆಗೆ ಮುನ್ನ ಏನನ್ನೂ ಸೇವಿಸದ ಭಕ್ತರು ಮೊದಲು ಇಷ್ಟಲಿಂಗಪೂಜೆ, ಆಮೇಲೆ ಹಣ್ಣು, ಅನಂತರ ವ್ಯಾಯಾಮ ಎಂಬ ಕ್ರಮವನ್ನಿಟ್ಟುಕೊಂಡರೆ ನೇಮವೂ ನಡೆಯುತ್ತದೆ, ದೇಹವೂ ದಣಿಯದು. ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು ಓಡುವವರಿಗೆ, ಹೊಲದಲ್ಲಿ ದಿನವಿಡೀ ದುಡಿಯುವವರಿಗೆ ಇಷ್ಟು ಕಡಿಮೆ ಧಾನ್ಯದ ಊಟವನ್ನು ನಾವು ಹೇಳುವುದಿಲ್ಲ.

ಮಾತ್ರೆ ನುಂಗುವವರು ಗಮನಿಸಿ

ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ಸೇವಿಸುವವರು ಊಟವನ್ನು ಇಳಿಸಿದರೆ ಔಷಧದ ಪ್ರಮಾಣವನ್ನೂ ವೈದ್ಯರು ಮರುಪರಿಶೀಲಿಸಬೇಕಾಗುತ್ತದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸೇವಿಸುವವರು ಧಾನ್ಯವನ್ನು ತೀರ ಬಿಟ್ಟರೆ ರಕ್ತ ಆಮ್ಲೀಯವಾಗುವ ಕೀಟೋ ಅಸಿಡೋಸಿಸ್ ಎಂಬ ಅಪಾಯ ತಲೆದೋರಬಹುದು. ಆಗ ಸಕ್ಕರೆ ಬಹಳ ಏರದೆಯೂ ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿಕೊಳ್ಳುತ್ತವೆ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಯಾವ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸಬಾರದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳದೆ ಈ ಪಥ್ಯವನ್ನು ಹಿಡಿಯಬಾರದು.

ವ್ಯಾಯಾಮದ ವೇಳೆ ಕೈನಡುಕ, ತಣ್ಣನೆಯ ಬೆವರು, ಎದೆಬಡಿತ, ಗಲಿಬಿಲಿ ಉಂಟಾದರೆ ಕೂಡಲೇ ನಿಲ್ಲಿಸಿ ಕುಳಿತುಕೊಳ್ಳಿರಿ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ, ಪರೀಕ್ಷಿಸಲು ಯಂತ್ರವಿಲ್ಲದಿದ್ದರೂ ಸರಿಯೇ, ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷಗಳಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿಯಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಿರಿ. ಎದೆಯಲ್ಲಿ ನೋವು, ಬಿಗಿತ ಕಂಡರೆ ಅದನ್ನು ಸಕ್ಕರೆಯ ಲೆಕ್ಕಕ್ಕೆ ಸೇರಿಸದೆ ಕೂಡಲೇ ಆಸ್ಪತ್ರೆ ಸೇರಿರಿ.

ಆ ಶಿಕ್ಷಕರು ಈಗಲೂ ದಿನಕ್ಕೆ ಎರಡೇ ರೊಟ್ಟಿ ಉಣ್ಣುತ್ತಾರೆ. ಒಂದು ವ್ಯಾಯಾಮದ ಬಳಿಕ, ಇನ್ನೊಂದು ಮಧ್ಯಾಹ್ನ. ಅವರ ವೈದ್ಯರು ಮಾತ್ರೆಯನ್ನು ಬದಲಿಸಿದ್ದಾರೆ. ಅವರ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಸದಾ ಇರುತ್ತದೆ. ನಾವಾದರೋ ಅಂದಿನಿಂದ ಯಾರಿಗೇ ಪಥ್ಯ ಹೇಳುವ ಮುನ್ನ ಅವರ ಮಾತ್ರೆಗಳ ಚೀಲವನ್ನು ತರಿಸಿ ನೋಡುತ್ತೇವೆ. ತಾವೂ ವೈದ್ಯರ ಬಳಿಗೆ ಹೋಗುವಾಗ ಆ ಚೀಲವನ್ನು ಮರೆಯದೆ ಒಯ್ಯಿರಿ. ಅವರು ಕೇಳದಿದ್ದರೂ ಮೇಜಿನ ಮೇಲಿಡಿರಿ.